ಗಣಿಗೆ ಬಂದ ಕರೆಂಟು, ಗೋಡೆಯೊಳಗಿನ ತಂತಿ

ಬೆಂಗಳೂರಿನ ಬೀದಿಯಲ್ಲಿ ಮೊದಲ ವಿದ್ಯುತ್ ದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಅದಕ್ಕೂ ಮೂರು ವರ್ಷ ಮುಂಚೆ, 1902ರ ಜೂನ್ 30ರಂದೇ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ತಲುಪಿತ್ತು. ಅರಮನೆಯ ಊರು ಮೈಸೂರಿನ ಸರದಿ ಬಂದದ್ದು ಇವೆರಡರ ನಂತರ. ಕೆಜಿಎಫ್‌ನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ ಇದು. ಆದರೆ ಆ ಹೆಮ್ಮೆಯ ಹಿಂದೆ ಒಂದು ಸರಳ ಸೂತ್ರವಿದೆ. ಅದು ನಮ್ಮ ನಿಮ್ಮ ಮನೆಯ ಗೋಡೆಯೊಳಗೂ ಪ್ರತಿದಿನ ಕೆಲಸ ಮಾಡುತ್ತಿರುತ್ತದೆ.

ಗಣಿಗೆ ವಿದ್ಯುತ್ತೇ ಏಕೆ ಬೇಕಾಯಿತು? ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಗಣಿಗಳು ಆಗ ಉಗಿ ಯಂತ್ರಗಳನ್ನು ನಂಬಿದ್ದವು. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಕವಲು ಬಂದ ಮೇಲೂ ದೂರದಿಂದ ತರಿಸುವ ಕಲ್ಲಿದ್ದಲು ದುಬಾರಿಯೇ ಆಗಿತ್ತು. ಕಾವೇರಿಯ ಜಲಪಾತದ ಶಕ್ತಿಯನ್ನೇ ಗಣಿಗೆ ಮಾರಬಹುದೆಂಬ ಯೋಜನೆಯನ್ನು ಮೈಸೂರು ಸಂಸ್ಥಾನದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್ ರೂಪಿಸಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದರ ಬೆನ್ನಿಗೆ ನಿಂತರು. ವಿದ್ಯುತ್ತು ಹರಿಯುವುದನ್ನು ನೋಡಲು ಮಾತ್ರ ದಿವಾನರು ಉಳಿದಿರಲಿಲ್ಲ. 1901ರಲ್ಲೇ ಅವರು ತೀರಿಕೊಂಡಿದ್ದರು.

ಶಿವನಸಮುದ್ರದಿಂದ ಗಣಿಗೆ ಸುಮಾರು 92 ಮೈಲಿ, ಎಂದರೆ 148 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು. ಇಷ್ಟು ದೂರ ಸಾಗುವಾಗ ವಿದ್ಯುತ್ತೆಲ್ಲ ತಂತಿಯಲ್ಲೇ ಶಾಖವಾಗಿ ಕರಗಿಹೋಗಬಾರದಲ್ಲ! ತಂತಿ ಎಷ್ಟು ಬಿಸಿಯಾಗುತ್ತದೆಂಬುದು ಅದರಲ್ಲಿ ಹರಿಯುವ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ನಷ್ಟ ನೂರನೇ ಒಂದು ಪಾಲಿಗೆ. ಆದ್ದರಿಂದಲೇ ಎಂಜಿನಿಯರುಗಳು 30,000 ವೋಲ್ಟ್‌ಗೂ ಮೀರಿದ ಒತ್ತಡವನ್ನು ಆರಿಸಿಕೊಂಡರು. ತಂತಿ ಹಾದುಹೋದ ಹಳ್ಳಿಗಳು ಮಾತ್ರ ತಮ್ಮ ಮನೆಯ ದೀಪಕ್ಕಾಗಿ ಇನ್ನೂ ದಶಕಗಳ ಕಾಲ ಕಾಯಬೇಕಾಯಿತು.

ಈಗ ಆ ಸೂತ್ರವನ್ನು ಮನೆಯೊಳಕ್ಕೆ ತರೋಣ. ಇಲ್ಲಿ ವೋಲ್ಟೇಜು 230ಕ್ಕೆ ನಿಗದಿಯಾಗಿದೆ, ಏರಿಸುವಂತಿಲ್ಲ. ಹೆಚ್ಚು ಶಕ್ತಿ ಬೇಕೆಂದರೆ ಪ್ರವಾಹವೇ ಹೆಚ್ಚಬೇಕು. 2,000 ವಾಟ್‌ನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ತಂತಿಗೆ ಇಂಡಕ್ಷನ್ ಒಲೆಯೂ ಇಸ್ತ್ರಿಪೆಟ್ಟಿಗೆಯೂ ಸೇರಿದರೆ 22 ಆಂಪಿಯರ್ ಸಮೀಪಿಸುತ್ತದೆ. ಶಾಖವಾದರೋ ಗೀಸರ್ ಒಂದೇ ಇದ್ದಾಗಿನ ಆರು ಪಟ್ಟು! ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಗೀಸರಿಗೆ 4 ಚದರ ಮಿಲಿಮೀಟರಿನದು, ಅದಕ್ಕೆ ಪ್ರತ್ಯೇಕ ಲೈನು ಎಂದು ಬಲ್ಲ ಮಿಸ್ತ್ರಿಗಳು ಹೇಳುವುದು ಇದಕ್ಕೇ. ಹಳೆಯ ಮನೆಗೆ ಕೋಣೆ ಸೇರಿಸುವಾಗ, ಪೇಟೆಬೀದಿಯ ಅಂಗಡಿಯ ಮೇಲೆ ಮಹಡಿ ಎಬ್ಬಿಸುವಾಗ, ಎರಡು ಬಲ್ಬು ಉರಿಸಲೆಂದು ಎಳೆದಿದ್ದ ತಂತಿಯಿಂದಲೇ ಎಲ್ಲಕ್ಕೂ ಕರೆಂಟು ಕೊಡುವ ರೂಢಿ ಕಡಿಮೆಯೇನಿಲ್ಲ. ಗೋಡೆಯ ಬಣ್ಣಕ್ಕೆ ಕೈಬಿಚ್ಚಿ ಖರ್ಚು ಮಾಡುವವರು ಗೋಡೆಯೊಳಗಿನ ತಂತಿಯಲ್ಲಿ ಉಳಿತಾಯ ಹುಡುಕುತ್ತಾರೆ.

ತಂತಿ ಮಿತಿಮೀರಿ ಬಿಸಿಯಾಗದಂತೆ ಕಾಯುವುದು ಫ್ಯೂಸು ಅಥವಾ ಎಂಸಿಬಿ. ಪದೇ ಪದೇ ಹೋಗುತ್ತದೆಂದು ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುವುದೆಂದರೆ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಇಲ್ಲೊಂದು ಸೂಕ್ಷ್ಮವೂ ಇದೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಅದಕ್ಕೂ ಹೆಚ್ಚು ಪ್ರವಾಹ ಹರಿಯುವವರೆಗೆ ಸುಮ್ಮನಿರುತ್ತದೆ. ಮನುಷ್ಯನ ಎದೆಬಡಿತ ನಿಲ್ಲಿಸಲು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು.

ಹಾಗಾದರೆ ಮನುಷ್ಯನನ್ನು ಕಾಯುವವರಾರು? ಮೊದಲನೆಯದು ಅರ್ಥಿಂಗ್. ಗೀಸರಿನ ಲೋಹದ ಮೈಗೆ ಕರೆಂಟು ಸೋರಿದರೆ ಅದು ನಮ್ಮ ದೇಹದ ಬದಲು ನೆಲದ ದಾರಿ ಹಿಡಿಯಲೆಂದು ಮಾಡಿದ ವ್ಯವಸ್ಥೆ. ಕೋಲಾರದ ಸೀಮೆಯಲ್ಲಿ ಇದಕ್ಕೊಂದು ತೊಡಕಿದೆ. ಇಲ್ಲಿನದು ಬಂಡೆಯ ಮೇಲಿನ ಕೆಂಪು ಮಣ್ಣು, ಮಳೆ ಕಡಿಮೆ, ಅಂತರ್ಜಲ ಪಾತಾಳದಲ್ಲಿ. ಒಣಗಿದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಯ ರೋಧ 20 ಓಮ್‌ಗೆ ಏರಿದೆಯೆಂದು ಇಟ್ಟುಕೊಳ್ಳಿ. 230ನ್ನು 20ರಿಂದ ಭಾಗಿಸಿದರೆ 11.5. ಅಂದರೆ ಸೋರುವ ಪ್ರವಾಹ ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ! ಗೀಸರಿನ ಮೈ ಕರೆಂಟು ಹೊತ್ತುಕೊಂಡೇ ಇರುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು, ಬೇಸಗೆಯಲ್ಲಿ ನೀರು ಹುಯ್ಯುವುದು ಹಳಬರ ಕಂದಾಚಾರವಲ್ಲ, ಶುದ್ಧ ವಿಜ್ಞಾನ.

ಎರಡನೆಯ ಕಾವಲು ಆರ್‌ಸಿಸಿಬಿ ಎಂಬ ಪುಟ್ಟ ಪೆಟ್ಟಿಗೆ. ಮನೆಗೆ ಹೋದ ಪ್ರವಾಹ, ಹಿಂದಿರುಗಿದ ಪ್ರವಾಹ ಎರಡನ್ನೂ ಇದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೂ ಸಾಕು, ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಇವೆಲ್ಲ ಕಾಗದದ ಮೇಲೆ ಬಹಳ ಹಿಂದಿನಿಂದ ಇವೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು, 2023ರಲ್ಲಿ ಅವೂ ಹೊಸದಾದವು. ವೈರಿಂಗ್‌ಗೆ ಐಎಸ್ 732, ಅರ್ಥಿಂಗ್‌ಗೆ ಐಎಸ್ 3043 ಎಂಬ ಮಾನಕಗಳಿವೆ. 1985ರಲ್ಲಿ ಮೊದಲು ಹೊರಬಂದ ರಾಷ್ಟ್ರೀಯ ವಿದ್ಯುತ್ ಸಂಹಿತೆಯೂ ಇದೆ. ಪರವಾನಗಿ ಪಡೆದ ಗುತ್ತಿಗೆದಾರರು ಕೆಲಸ ಮುಗಿಸಿ ವರದಿ ಕೊಟ್ಟ ಮೇಲೆಯೇ ಹೊಸ ಮನೆಗೆ ಸಂಪರ್ಕ ಸಿಗುವುದು. ಆದರೆ ಸಂಪರ್ಕ ಸಿಕ್ಕ ಮರುವರ್ಷ ಕಟ್ಟಿದ ಮಹಡಿಯನ್ನು ನೋಡುವವರು ಯಾರು? ಅಲ್ಲಿ ಉಳಿಯುವುದು ಮನೆಯವರ ಎಚ್ಚರ ಒಂದೇ.

ವಿದ್ಯುತ್ ಉಳಿತಾಯವನ್ನು ನಾವು ಬಿಲ್ಲಿನ ಲೆಕ್ಕದಲ್ಲೇ ನೋಡುತ್ತೇವೆ. ಮೇಲಿನ ಸೂತ್ರದ ಕಣ್ಣಿನಿಂದ ನೋಡಿದರೆ ಅದು ಸುರಕ್ಷತೆಯೂ ಹೌದು. 60 ವಾಟ್ ಬಲ್ಬಿನ ಜಾಗದಲ್ಲಿ 9 ವಾಟ್‌ನ ಎಲ್‌ಇಡಿ, 75 ವಾಟ್ ಫ್ಯಾನಿನ ಜಾಗದಲ್ಲಿ 30 ವಾಟ್ ಆಸುಪಾಸಿನ ಹೊಸ ಬಗೆಯ ಫ್ಯಾನು ಬಂದರೆ ತಂತಿಯ ಮೇಲಿನ ಭಾರವೂ ಇಳಿಯಿತು. ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು 2007ರಲ್ಲಿ, ವಾಸದ ಕಟ್ಟಡಗಳಿಗೆಂದು 2018ರಲ್ಲಿ ರೂಪಿಸಿದ ಇಂಧನ ಉಳಿತಾಯ ಸಂಹಿತೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೋಡೆ, ಕಿಟಕಿ, ಮಾಳಿಗೆಯನ್ನೂ ಲೆಕ್ಕಕ್ಕೆ ತಂದವು. ಮನೆ ಬೇಯದಂತೆ ಕಟ್ಟಿದರೆ ಅದನ್ನು ತಂಪು ಮಾಡುವ ಕರೆಂಟೂ ಕಡಿಮೆ ಸಾಕು.

2001ರ ಫೆಬ್ರುವರಿ 28ರಂದು ಕೆಜಿಎಫ್‌ನ ಗಣಿಗಳು ಮುಚ್ಚಿದವು. ಪಂಪುಗಳು ನಿಂತವು, ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿತು. ಯಾವ ಗಣಿಗಾಗಿ ಕಾವೇರಿಯ ವಿದ್ಯುತ್ತು ಬಂದಿತ್ತೋ ಆ ಗಣಿ ಈಗಿಲ್ಲ. ಅದನ್ನು ನಂಬಿ ಬಂದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ, ಮನೆಗಳಿವೆ, ಮನೆಗಳಲ್ಲಿ ತಂತಿಗಳಿವೆ. ಈ ತಂತಿ ಎಷ್ಟು ಭಾರ ತಡೆದೀತು ಎಂದು 1902ರ ಎಂಜಿನಿಯರುಗಳು 148 ಕಿಲೋಮೀಟರಿಗೆ ಹಾಕಿದ ಲೆಕ್ಕವನ್ನು, ಹೊಸ ಪ್ಲಗ್ ಪಾಯಿಂಟ್ ಹಾಕಿಸುವ ಮುನ್ನ ನಾವು ಹದಿನೈದು ಅಡಿಗೆ ಹಾಕಿಕೊಂಡರೂ ಸಾಕು.