ಮಿಕ್ಕ ಕೊಲೆಸ್ಟರಾಲನ್ನು ದೇಹವು ಹೊರಹಾಕುವ ಬಗೆ

ಕೊಲೆಸ್ಟರಾಲ್ ಎಂಬ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಅದು ಪೇಟೆಯವರ, ದಪ್ಪ ಮೈಯವರ ಚಿಂತೆಯೆಂದು ಅನೇಕರು ಭಾವಿಸಿರುವುದುಂಟು. ಆದರೆ ಮೇಣದಂತಹ ಈ ವಸ್ತು ಎಲ್ಲರ ದೇಹದಲ್ಲಿಯೂ ಇದೆ, ಇರಲೂ ಬೇಕು. ಜೀವಕೋಶಗಳ ಹೊರಪೊರೆಗೆ ಇದು ಅಗತ್ಯ. ಸಂತಾನಶಕ್ತಿಗೆ ಬೇಕಾದ ಸ್ತ್ರೀಪುರುಷರ ಹಾರ್ಮೋನುಗಳು ತಯಾರಾಗುವುದೂ ಇದರಿಂದಲೇ. ಇದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ.

ತೊಂದರೆಯಿರುವುದು ಮಿಕ್ಕಿದ್ದರಲ್ಲಿ. ಅನ್ನ, ಬೆಲ್ಲಗಳನ್ನು ಕರಗಿಸಿ ಶಕ್ತಿ ಪಡೆಯುವಂತೆ ಕೊಲೆಸ್ಟರಾಲನ್ನು ಕರಗಿಸಿ ಮುಗಿಸಲು ನಮ್ಮ ಜೀವಕೋಶಗಳಿಗೆ ಸಾಧ್ಯವಿಲ್ಲ. ಆದುದರಿಂದ ಅವು ಲೆಕ್ಕವಿಟ್ಟು ನಡೆದುಕೊಳ್ಳುತ್ತವೆ. ಕೊರತೆಯಾದಾಗ ಕೋಶವು ತಾನೇ ತಯಾರಿಸುತ್ತದೆ. ಅಲ್ಲದೆ ರಕ್ತದಲ್ಲಿ ಸಾಗುವ ಕೊಲೆಸ್ಟರಾಲ್ ಕಣಗಳನ್ನು ಹಿಡಿದು ಒಳಗೆಳೆಯುವ 'ಗ್ರಾಹಕ'ಗಳನ್ನು ತನ್ನ ಮೈಮೇಲೆ ಹೆಚ್ಚಿಸಿಕೊಳ್ಳುತ್ತದೆ. ಸಾಕಷ್ಟಾದೊಡನೆ ಎರಡನ್ನೂ ತಗ್ಗಿಸುತ್ತದೆ. ಆಗಲೂ ಮಿಕ್ಕರೆ, ತುಂಬಿದ ಕೆರೆಗೆ ಕೋಡಿ ಇರುವಂತೆ ಕೋಶಕ್ಕೂ ಒಂದು ದಾರಿಯಿದೆ. ಒಳಗಿನ ಸೂಚಕವೊಂದು ಎಚ್ಚೆತ್ತು, ಕೊಲೆಸ್ಟರಾಲನ್ನು ಹೊರದೂಡುವ ಪಂಪುಗಳನ್ನು ಪೊರೆಯಲ್ಲಿ ಹೆಚ್ಚಿಸುತ್ತದೆ. ಹೊರಬಂದುದನ್ನು ಎಚ್.ಡಿ.ಎಲ್. ಎಂಬ ಕಣಗಳು ಹೊತ್ತು ಪಿತ್ತಜನಕಾಂಗಕ್ಕೆ ಮುಟ್ಟಿಸುತ್ತವೆ. ಅಲ್ಲಿಂದ ಅದು ಪಿತ್ತರಸದೊಡನೆ ಕರುಳಿಗಿಳಿದು, ಒಂದಂಶ ಮಲದಲ್ಲಿ ಹೊರಬೀಳುತ್ತದೆ. ಉಳಿದುದನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ. ಕಾಳು, ಬೇಳೆ, ತರಕಾರಿಗಳ ನಾರು ಪಿತ್ತದ ಅಂಶವನ್ನು ಹಿಡಿದು ಹೊರಗೊಯ್ಯುವುದರಿಂದ, ಹೊಸ ಪಿತ್ತರಸಕ್ಕಾಗಿ ಪಿತ್ತಜನಕಾಂಗವು ರಕ್ತದಿಂದ ಇನ್ನಷ್ಟು ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ. ನಮ್ಮ ಹುರುಳಿ ಸಾರು ಬಡವರ ಊಟವೆಂದು ಹೀಗಳೆಯತಕ್ಕದ್ದಲ್ಲ.

ಕೆಲವು ಮನೆತನಗಳಲ್ಲಿ ಈ ಗ್ರಾಹಕಗಳೇ ಹುಟ್ಟಿನಿಂದ ಕಡಿಮೆ. ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಎಂಬ ವೈದ್ಯರು 1970ರ ದಶಕದಲ್ಲಿ ಇಂತಹ ರೋಗಿಗಳ ಚರ್ಮದ ಕೋಶಗಳನ್ನು ಪರೀಕ್ಷಿಸಿ ಇದನ್ನು ಕಂಡುಹಿಡಿದರು. 1985ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ತಂದೆ ಅಥವಾ ತಾಯಿ, ಒಬ್ಬರಿಂದ ದೋಷ ಬಂದಿದ್ದರೆ ಗ್ರಾಹಕಗಳು ಸುಮಾರು ಅರ್ಧದಷ್ಟಾಗುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಇಂತಹ ಗಂಡಸರಲ್ಲಿ ಸುಮಾರು ಅರ್ಧ ಮಂದಿಗೆ 50 ವರ್ಷದೊಳಗೇ ಹೃದಯದ ರಕ್ತನಾಳಗಳ ಕಾಯಿಲೆ ತಲೆದೋರುತ್ತದೆ. ಹೊಲದಲ್ಲಿ ದುಡಿಯುವ ತೆಳ್ಳನೆಯವರೂ ಇದಕ್ಕೆ ಹೊರತಲ್ಲ. ಇಬ್ಬರಿಂದಲೂ ದೋಷ ಪಡೆದ ಮಗುವಿಗೆ ಬಾಲ್ಯದಲ್ಲಿಯೇ ಹೃದ್ರೋಗ ಬರಬಹುದು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾದಾಗ, ಒಬ್ಬರೇ ಹಿರಿಯರ ದೋಷ ಪತಿಪತ್ನಿಯರಿಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಹಾಗಿದ್ದಲ್ಲಿ ಪ್ರತಿ ಗರ್ಭದಲ್ಲಿಯೂ ಮಗುವು ಎರಡೂ ದೋಷಗಳನ್ನು ಪಡೆಯುವ ಸಂಭವ ನಾಲ್ಕರಲ್ಲಿ ಒಂದು.

ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಎದೆನೋವಿನಿಂದ ತೀರಿಕೊಂಡವರಿದ್ದಾರೆಯೇ? ಯಾರಿಗಾದರೂ ಹಿಮ್ಮಡಿಯ ಮೇಲಿನ ನರ ದಪ್ಪವಾಗಿದೆಯೇ, ಮೊಣಕೈ, ಮಂಡಿ, ಬೆರಳ ಗಂಟುಗಳಲ್ಲಿ ಹಳದಿ ಗಂಟುಗಳೆದ್ದಿವೆಯೇ? ಅದು ಶಾಪವೂ ಅಲ್ಲ, ದೃಷ್ಟಿಯೂ ಅಲ್ಲ. ಮಕ್ಕಳೊಡನೆ ವೈದ್ಯರ ಬಳಿ ಹೋಗಿ ರಕ್ತಪರೀಕ್ಷೆ ಮಾಡಿಸಿರಿ.

ಸ್ಟ್ಯಾಟಿನ್ ಎಂಬ ಗುಳಿಗೆಯು ಪಿತ್ತಜನಕಾಂಗದ ಕೋಶಗಳಲ್ಲಿ ತಯಾರಿಕೆಯನ್ನು ತಡೆಯುತ್ತದೆ. ಕೊರತೆಯನ್ನು ಅರಿತ ಕೋಶವು ಗ್ರಾಹಕಗಳನ್ನು ಹೆಚ್ಚಿಸಿ, ರಕ್ತದಲ್ಲಿರುವುದನ್ನು ಸೆಳೆದುಕೊಳ್ಳುತ್ತದೆ. ಇದನ್ನು ಸೇವಿಸುತ್ತಿರುವ ಸ್ತ್ರೀಯು ಗರ್ಭ ಧರಿಸಲು ಇಚ್ಛಿಸಿದರೆ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಗರ್ಭಿಣಿಯಾಗಿದ್ದಾಗ ಇದನ್ನು ಸಾಮಾನ್ಯವಾಗಿ ನಿಲ್ಲಿಸಲಾಗುತ್ತದೆ.