ಮಕ್ಕಳಿಗೆ ಸಾಮಾನ್ಯ ವಿಜ್ಞಾನ ಹೇಳಿಕೊಡುವ ಬಗೆ

ನಮ್ಮ ವಾಚನಾಲಯದಲ್ಲಿ ಪ್ರತಿ ರವಿವಾರ ಮುಂಜಾನೆ ಆರರಿಂದ ಎಂಟನೆಯ ಇಯತ್ತೆಯವರೆಗಿನ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡುತ್ತಿರುವುದು ವಾಚಕ ಬಂಧುಗಳಿಗೆ ತಿಳಿದ ಸಂಗತಿ. ಅದರಲ್ಲಿ ಸಾಮಾನ್ಯ ವಿಜ್ಞಾನವು ನನ್ನ ಪಾಲಿಗೆ ಬಂದಿದೆ. ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ ಮಾತ್ರ. ಗಿರಣಿಯಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವ ಕಾರಕೂನನೇ ಹೊರತು ವಿಜ್ಞಾನದ ಪಂಡಿತನಲ್ಲ. ಆದರೂ ಈ ಕೆಲಸದಿಂದ ನಾನು ಕಲಿತ ಒಂದು ಮಾತನ್ನೂ, ಅದನ್ನು ಕಲಿಸಿದ ನನ್ನದೇ ಒಂದು ತಪ್ಪನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮಲ್ಲಿ ಎಷ್ಟೋ ತಂದೆತಾಯಿಗಳು, “ನಾವೇ ಓದಿದವರಲ್ಲ, ಹುಡುಗರಿಗೆ ವಿಜ್ಞಾನ ಏನು ಹೇಳಿಕೊಡೋಣ? ಟ್ಯೂಶನ್ನಿಗೆ ಕಳಿಸಲು ರೊಕ್ಕವಿಲ್ಲ” ಎಂದು ಹೇಳುವುದುಂಟು. ಮಕ್ಕಳ ಕಷ್ಟವೂ ಸಣ್ಣದಲ್ಲ. ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ, ಹಿಂದಿ ಇಲ್ಲವೆ ಇಂಗ್ಲಿಷ್. ಒಂದೇ ವಾಯುವಿಗೆ ಒಬ್ಬನು ಪ್ರಾಣವಾಯು ಎಂದರೆ ಇನ್ನೊಬ್ಬನು ಆಕ್ಸಿಜನ್ ಎನ್ನುತ್ತಾನೆ, ನಾವು ಆಮ್ಲಜನಕ ಎನ್ನುತ್ತೇವೆ. ಹೆಸರು ಬಾಯಿಪಾಠವಾಗಿದೆ. ಆದರೆ ಊರಿನಲ್ಲಿ ಅಜ್ಜಿ ಊದುಗೊಳವೆಯಿಂದ ಊದಿದಾಗ ಒಲೆ ಏಕೆ ಹೊತ್ತಿಕೊಳ್ಳುತ್ತಿತ್ತೆಂದು ಕೇಳಿದರೆ ಮಕ್ಕಳು ಮುಖ ಮುಖ ನೋಡುತ್ತಾರೆ.

ಮೇಣದಬತ್ತಿಯ ಒಂದು ಪ್ರಯೋಗವನ್ನು ಬಹುಮಂದಿ ಬಲ್ಲರು. ತಾಟಿನ ನಡುವೆ ಗಿಡ್ಡ ಬತ್ತಿಯನ್ನು ನಿಲ್ಲಿಸಿ, ಸುತ್ತಲೂ ಕುಂಕುಮ ಕದಡಿದ ನೀರು ಹಾಕಿ, ಬತ್ತಿ ಹೊತ್ತಿಸಿ, ಮೇಲೆ ಗಾಜಿನ ಗ್ಲಾಸನ್ನು ಬೋರಲು ಹಾಕುವುದು. ಸ್ವಲ್ಪ ಹೊತ್ತಿನಲ್ಲಿ ದೀಪ ಆರುತ್ತದೆ, ನೀರು ಗ್ಲಾಸಿನೊಳಗೆ ಏರುತ್ತದೆ. “ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. ದೀಪವು ಅದನ್ನೆಲ್ಲ ತಿಂದಿತು. ಖಾಲಿಯಾದ ಜಾಗಕ್ಕೆ ನೀರು ಬಂದಿತು” ಎಂದು ನಾನು ಶಾಲೆಯಲ್ಲಿ ಕಲಿತಿದ್ದೆ. ಅದನ್ನೇ ಮಕ್ಕಳಿಗೂ ಹೇಳಿದೆ.

ಆಗ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಆಕ್ಸಿಜನ್ ಖರ್ಚಾದಂಗೆಲ್ಲಾ ನೀರು ಏರಬೇಕಿತ್ತಲ್ರೀ? ದೀಪ ಉರಿಯೂವಾಗ ಏರಲೇ ಇಲ್ಲ. ಆರಿದ ಮ್ಯಾಲೆ ಯಾಕ ಏರಿತು?” ಎಂದು ಕೇಳಿದಳು.

ನನಗೆ ಉತ್ತರ ತೋಚಲಿಲ್ಲ. ಗದರಿಸಿ ಕೂಡ್ರಿಸುವುದು ಸುಲಭವಿದ್ದಿತು. ಹಾಗೆ ಮಾಡದೆ, “ನನಗೂ ತಿಳಿಯಲಿಲ್ಲ ತಂಗಿ, ಮುಂದಿನ ರವಿವಾರ ನೋಡೋಣ” ಎಂದೆ. ಆ ವಾರ ಪಾಳಿ ಮುಗಿಸಿ ಬಂದು ಖೋಲಿಯಲ್ಲಿ ಐದಾರು ಸಲ ಅದೇ ಪ್ರಯೋಗ ಮಾಡಿ ನೋಡಿದೆ. ರಸಾಯನಶಾಸ್ತ್ರ ಓದುವ ನೆರೆಮನೆಯ ಹುಡುಗನನ್ನೂ ಕೇಳಿದೆ. ತಪ್ಪು ನನ್ನದೇ ಎಂಬುದು ಸ್ಪಷ್ಟವಾಯಿತು.

ನಡೆಯುವುದು ಹೀಗೆ. ಉರಿಯುವ ದೀಪವು ಗ್ಲಾಸಿನೊಳಗಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಲಕ್ಷ್ಯಗೊಟ್ಟು ನೋಡಿದರೆ ಅದರಲ್ಲಿ ಸ್ವಲ್ಪ ಭಾಗ ಅಂಚಿನಿಂದ ಗುಳ್ಳೆಗಳಾಗಿ ಹೊರಗೆ ಹೋಗುವುದು ಕಾಣುತ್ತದೆ. ದೀಪ ಆರಿದೊಡನೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ; ಆಗ ಹೊರಗಿನ ಗಾಳಿಯ ಒತ್ತಡವು ನೀರನ್ನು ಒಳಕ್ಕೆ ದಬ್ಬುತ್ತದೆ. ನೀರು ಏರುವುದಕ್ಕೆ ಮುಖ್ಯ ಕಾರಣ ಇದು. ಆಮ್ಲಜನಕವೂ ಪೂರ್ತಿ ಮುಗಿದಿರುವುದಿಲ್ಲ. ಗಾಳಿಯ ನೂರು ಪಾಲಿನಲ್ಲಿ 78 ಸಾರಜನಕ, 21 ಆಮ್ಲಜನಕ. ಈ 21 ಪಾಲು ಸುಮಾರು 16ಕ್ಕೆ ಇಳಿಯುವಷ್ಟರಲ್ಲಿಯೇ ಬತ್ತಿ ಆರಿಹೋಗುತ್ತದೆ. ಖರ್ಚಾದ ಆಮ್ಲಜನಕದ ಬದಲು, ಅದರ ಮೂರರಲ್ಲಿ ಎರಡು ಪಾಲಿನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟಿ ಅಲ್ಲಿಯೇ ನಿಲ್ಲುತ್ತದೆ.

ಮರು ರವಿವಾರ ಮಕ್ಕಳ ಮುಂದೆ ತಪ್ಪನ್ನು ಒಪ್ಪಿಕೊಂಡೆ. “ನಾನು ಹೇಳಿದೆನೆಂದು ಇದನ್ನೂ ನಂಬಬೇಡಿರಿ, ಪರೀಕ್ಷಿಸಿರಿ” ಎಂದು ಅದೇ ಗ್ಲಾಸಿನ ಕೆಳಗೆ ಒಂದರ ಬದಲು ಮೂರು ಬತ್ತಿ ಇಡಿಸಿದೆ. ಹಳೆಯ ವಿವರಣೆ ನಿಜವಾಗಿದ್ದರೆ ನೀರು ಮೊದಲಿನಷ್ಟೇ ಏರಬೇಕು. ಏಕೆಂದರೆ ಗ್ಲಾಸಿನೊಳಗಿನ ಆಮ್ಲಜನಕ ಅಷ್ಟೇ ಇದೆ. ಆದರೆ ನೀರು ಇನ್ನೂ ಮೇಲಕ್ಕೆ ಏರಿತು. ಮೂರು ಬತ್ತಿಗಳು ಗಾಳಿಯನ್ನು ಹೆಚ್ಚು ಕಾಯಿಸಿದ್ದವು.

ಹಾಗಾದರೆ ಐದರಲ್ಲಿ ಒಂದು ಪಾಲು ಎಂಬುದನ್ನು ತಿಳಿಯುವುದು ಹೇಗೆ? ಅದಕ್ಕೆ ಬೆಂಕಿಯೇ ಬೇಡ. ಗಿರಣಿಯ ವರ್ಕ್‌ಶಾಪಿನಿಂದ ಒಂದು ಹಿಡಿ ಕಬ್ಬಿಣದ ಅರಪುಡಿಯನ್ನು ತಂದೆ (ಕೇಳಿಯೇ ತಂದೆ). ಎಣ್ಣೆ ಹೋಗುವಂತೆ ಸೋಪಿನ ನೀರಿನಿಂದ ತೊಳೆದು, ಒದ್ದೆ ಮಾಡಿದ ನೆಟ್ಟನೆಯ ಗ್ಲಾಸಿನ ಒಳಮೈಗೆ ಹತ್ತಿಸಿ, ನೀರಿನ ತಾಟಿನಲ್ಲಿ ಬೋರಲು ಹಾಕಿದೆವು. ಪಕ್ಕದಲ್ಲಿ ಪುಡಿಯಿಲ್ಲದ ಇನ್ನೊಂದು ಗ್ಲಾಸು. ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕವನ್ನು ಹೀರುತ್ತದೆ. ಬದಲಿಗೆ ಯಾವ ವಾಯುವನ್ನೂ ಬಿಡುವುದಿಲ್ಲ. ಕೆಲವು ದಿನಗಳಲ್ಲಿ ಮೊದಲನೆಯ ಗ್ಲಾಸಿನಲ್ಲಿ ನೀರು ಮೆಲ್ಲನೆ ಏರಿ ಸುಮಾರು ಐದನೆಯ ಒಂದು ಪಾಲಿಗೆ ನಿಂತಿತು; ಎರಡನೆಯದರಲ್ಲಿ ಏರಲಿಲ್ಲ. ಮನೆಯಲ್ಲಿ ಮಾಡುವವರು ತಾಟಿನ ನೀರು ಆರದಂತೆ ನೋಡಿಕೊಳ್ಳಬೇಕು. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲಿನ ಜುಂಗಿನಿಂದ ಈ ಕೆಲಸವಾಗದು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ.

ಮೇಣದಬತ್ತಿಯನ್ನು ಅಲ್ಪವೆಂದು ತಿಳಿಯಬಾರದು. ಮೈಕೇಲ್ ಫ್ಯಾರಡೆ 1791ರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದವನು. ಶಾಲೆ ಕಂಡದ್ದು ಅಲ್ಪಕಾಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಹತ್ತಿಸಿಕೊಂಡನು. ಮುಂದೆ ಜಗತ್ಪ್ರಸಿದ್ಧ ವಿಜ್ಞಾನಿಯಾದ ಮೇಲೆ, 1860-61ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಮೇಣದಬತ್ತಿಯೊಂದನ್ನೇ ಕುರಿತು ಆರು ಉಪನ್ಯಾಸ ಕೊಟ್ಟನು.

ನಮ್ಮ ದೇಶದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (ಈಗಿನ ಹೆಸರು ನರ್ಮದಾಪುರಂ) 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಹೊಸ ಬಗೆಯ ವಿಜ್ಞಾನ ಶಿಕ್ಷಣವನ್ನು ಆರಂಭಿಸಿದವು. ಆರರಿಂದ ಎಂಟನೆಯ ತರಗತಿಯ ಹಳ್ಳಿಯ ಮಕ್ಕಳು ಗುಂಪುಗೂಡಿ ಪ್ರಯೋಗ ಮಾಡಿ, ಚರ್ಚಿಸಿ, ಉತ್ತರವನ್ನು ತಾವೇ ಬರೆಯುತ್ತಿದ್ದರು. ಸೈಕಲ್ಲಿನ ವಾಲ್ವ್ ಟ್ಯೂಬು, ಬೆಂಕಿಕಡ್ಡಿಗಳು ಕೂಡ ಪಾಠದ ಸಾಮಾನುಗಳಾದವು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅಪ್ಪಣೆಯಿತ್ತು. ಬಾಯಿಪಾಠದಿಂದ ಉತ್ತರ ಸಿಕ್ಕುವ ಪ್ರಶ್ನೆಗಳೇ ಇರಲಿಲ್ಲ. ಈ ಕಾರ್ಯಕ್ರಮ ಮುಂದೆ ನೂರಾರು ಶಾಲೆಗಳಿಗೆ ಹರಡಿತು. 2002ರಲ್ಲಿ ರಾಜ್ಯ ಸರಕಾರವು ಅದನ್ನು ನಿಲ್ಲಿಸಿತು.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ವಿಜ್ಞಾನ ನಮಗೆ ಬರುವುದಿಲ್ಲವೆಂದು ದೂರ ಸರಿಯಬೇಡಿರಿ. ಮಗು ಶಾಲೆಯಿಂದ ಬಂದಾಗ, “ಇವತ್ತು ಏನು ನೋಡಿದಿ? ಅದು ಹಾಗೆಯೇ ಎಂದು ಹೇಗೆ ಗೊತ್ತಾಯಿತು?” ಎಂದು ಕನ್ನಡದಲ್ಲಿಯೇ ಕೇಳಿರಿ. ಮನೆಯ ಮಾತಿನಲ್ಲಿ ಬಿಡಿಸಿ ಹೇಳಲು ಬಂದರೆ ಪಾಠ ತಿಳಿದಿದೆ ಎಂದು ಅರ್ಥ. ಶಾಲೆಯ ಭಾಷೆಯ ಹೆಸರುಗಳನ್ನು ಆಮೇಲೆ ಅದಕ್ಕೆ ಜೋಡಿಸಬಹುದು. ಮಗು ತಿರುಗಿ ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡಿರಿ. ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಕೂಡಿ ಹುಡುಕಿರಿ. ಬೆಂಕಿಯ ಪ್ರಯೋಗವನ್ನು ಮಾತ್ರ ದೊಡ್ಡವರು ಎದುರಿಗಿದ್ದು, ಗ್ಯಾಸಿನಿಂದ ದೂರದಲ್ಲಿ ಮಾಡಿಸಬೇಕು.

ಓದಲು ಬಲ್ಲ ಮಕ್ಕಳಿಗೆ ಡಾ. ಶಿವರಾಮ ಕಾರಂತರು ಬರೆದ ‘ಬಾಲ ಪ್ರಪಂಚ’ದಂಥ ಕನ್ನಡ ಪುಸ್ತಕಗಳನ್ನು ತೋರಿಸಿರಿ. ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಎಂಟನೆಯ ಇಯತ್ತೆಯಲ್ಲಿದ್ದಾಳೆ. ಮನೆಯಲ್ಲಿ ತಮ್ಮನಿಗೆ ಅವಳೇ ಪಾಠ ಹೇಳುತ್ತಾಳೆಂದು ಅವಳ ತಾಯಿ ತಿಳಿಸಿದರು. ಬರುವ ರವಿವಾರ ನಿಮ್ಮ ಮಕ್ಕಳನ್ನೂ ಕಳಿಸಿರಿ. ಬರುವಾಗ ಒಂದು ಗಾಜಿನ ಗ್ಲಾಸು ತರಲಿ.