ಹೋಟೆಲಿನ ತಟ್ಟೆಯಿಂದ ಚಿತ್ರ ಹಂಚಿಕೆಯವರೆಗೆ: ಸ್ಕೂರಾಸ್ ಸಹೋದರರ ವ್ಯವಹಾರ ಚರಿತ್ರೆ

ಬೆಳಿಗ್ಗೆ ಬೇಯಿಸಿದ ಇಡ್ಲಿ ರಾತ್ರಿಯೊಳಗೆ ಮಾರಾಟವಾಗದಿದ್ದರೆ ಅದು ಸರಕಲ್ಲ, ನಷ್ಟ. ಮರುದಿನದ ದಾಸ್ತಾನು ಪಟ್ಟಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಚಲನಚಿತ್ರದ ಹಂಚಿಕೆ ಹಕ್ಕು ಸಹ ಸ್ವಭಾವತಃ ಇದೇ ಜಾತಿಯ ಸರಕು. ಶುಕ್ರವಾರ ತೆರೆಕಂಡ ಚಿತ್ರದ ಹಣೆಬರಹ ಬಹುಪಾಲು ಸೋಮವಾರದ ವೇಳೆಗೆ ನಿರ್ಧಾರವಾಗಿಬಿಡುತ್ತದೆ. ಬೆಲ್ಲವನ್ನೋ ಮೆಣಸನ್ನೋ ಗೋದಾಮಿನಲ್ಲಿಟ್ಟು ಒಳ್ಳೆಯ ಧಾರಣೆಗಾಗಿ ಕಾಯುವಂತೆ ಇಲ್ಲಿ ಕಾಯಲಾಗದು. ಆದ್ದರಿಂದ ಆಹಾರದ ವ್ಯವಹಾರದಲ್ಲಿ ಪಳಗಿದವರು ಚಿತ್ರ ವ್ಯವಹಾರಕ್ಕೆ ಕಾಲಿಟ್ಟಾಗ, ಮೇಲ್ನೋಟಕ್ಕೆ ತೋರುವಷ್ಟು ದೂರವನ್ನೇನೂ ಅವರು ಕ್ರಮಿಸಿರುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹೋಟೆಲಿನ ಕೂಲಿಯಿಂದ ಆರಂಭಿಸಿ ಚಿತ್ರಮಂದಿರ, ಪ್ರಾದೇಶಿಕ ಹಂಚಿಕೆ, ಕೊನೆಗೆ ಚಿತ್ರನಿರ್ಮಾಣ ಸಂಸ್ಥೆಯವರೆಗೆ ಏರಿದ ಚಾರ್ಲ್ಸ್, ಸ್ಪೈರೋಸ್ ಮತ್ತು ಜಾರ್ಜ್ ಸ್ಕೂರಾಸ್ ಎಂಬ ಮೂವರು ಗ್ರೀಕ್ ಸಹೋದರರ ವೃತ್ತಾಂತವು ಈ ವ್ಯವಹಾರದ ಒಳಸುಳಿಗಳನ್ನು ಅರಿಯಲು ಅನುಕೂಲವಾದ ಉದಾಹರಣೆಯಾಗಿದೆ.

ಮೂಲ ಬಂಡವಾಳ

ಕುರಿ ಕಾಯುವ ಕುಟುಂಬದಲ್ಲಿ ಹುಟ್ಟಿದ ಈ ಸಹೋದರರ ಪೈಕಿ ಹಿರಿಯನಾದ ಚಾರ್ಲ್ಸ್ ಮೊದಲು ಅಮೆರಿಕ ಸೇರಿದನು. ಸ್ಪೈರೋಸ್ 1910ರಲ್ಲಿಯೂ ಜಾರ್ಜ್ ಅದರ ಮರುವರ್ಷವೂ ಹಿಂಬಾಲಿಸಿದರು. ಸೇಂಟ್ ಲೂಯಿಸ್‌ನ ಹೋಟೆಲುಗಳಲ್ಲಿ ಅವರಿಗೆ ದೊರೆತದ್ದು ಮೇಜಿನಿಂದ ಎಂಜಲು ತಟ್ಟೆ ತೆಗೆಯುವ ಕೆಲಸ (ನಮ್ಮ ಹೋಟೆಲುಗಳಲ್ಲಿ ಕ್ಲೀನರ್ ಹುಡುಗರು ಮಾಡುವುದು ಇದನ್ನೇ) ಮತ್ತು ಬಾರ್‌ನಲ್ಲಿ ಪಾನೀಯ ನೀಡುವ ಕೆಲಸ. ಮೂವರ ಸಂಬಳದಿಂದ ಉಳಿಸಿದ ಹಣ 1914ರ ವೇಳೆಗೆ ಸುಮಾರು 3,500 ಡಾಲರಿನಷ್ಟಾಯಿತು. ಇನ್ನಿಬ್ಬರು ಗ್ರೀಕರನ್ನು ಪಾಲುದಾರರನ್ನಾಗಿ ಸೇರಿಸಿಕೊಂಡು ಮಾರ್ಕೆಟ್ ಬೀದಿಯಲ್ಲಿ 800 ಆಸನಗಳ ‘ಒಲಿಂಪಿಯಾ’ ಎಂಬ ಸಾಧಾರಣ ಚಿತ್ರಮಂದಿರವನ್ನು ಅವರು ಆರಂಭಿಸಿದರು.

ಇಲ್ಲಿ ಗಮನಿಸಬೇಕಾದದ್ದು ವ್ಯವಹಾರದ ಆಯ್ಕೆ. ಚಿತ್ರಮಂದಿರವು ಪೂರ್ಣವಾಗಿ ರೊಕ್ಕದ ವ್ಯಾಪಾರ. ಪ್ರೇಕ್ಷಕನು ಮೊದಲು ಹಣ ಕೊಡುತ್ತಾನೆ, ಬಳಿಕ ಒಳಗೆ ಬರುತ್ತಾನೆ. ಚಿತ್ರದ ಬಾಡಿಗೆ, ಸಿಬ್ಬಂದಿಯ ಸಂಬಳಗಳನ್ನು ನಂತರ ಪಾವತಿಸಬಹುದು. ಸಾಲ ವಸೂಲಿಯ ತಲೆನೋವಿಲ್ಲದ, ದುಡಿಯುವ ಬಂಡವಾಳವನ್ನು ಗಿರಾಕಿಯೇ ಒದಗಿಸುವ ಇಂಥ ವ್ಯಾಪಾರ ಹೋಟೆಲನ್ನು ಬಿಟ್ಟರೆ ಬೇರೆ ವಿರಳ. ಒಂದು ಮಂದಿರದ ಗಲ್ಲಾಪೆಟ್ಟಿಗೆಯಿಂದ ಇನ್ನೊಂದು ಮಂದಿರ ಹುಟ್ಟಿತು. 1918ರಲ್ಲಿ ಸಹೋದರರು ತಮ್ಮ ವ್ಯವಹಾರವನ್ನು ಕಂಪನಿಯಾಗಿ ನೋಂದಾಯಿಸಿದರು. 1924ರ ವೇಳೆಗೆ ಅದೇ ನಗರದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿರಗಳು ಅವರ ವಶದಲ್ಲಿದ್ದವು.

ಹಂಚಿಕೆಯ ವ್ಯವಸ್ಥೆ

ಚಿತ್ರವನ್ನು ಯಾರೂ ಮಾರುವುದಿಲ್ಲ. ನಿರ್ದಿಷ್ಟ ಪ್ರದೇಶದಲ್ಲಿ, ನಿರ್ದಿಷ್ಟ ಅವಧಿಗೆ ಅದನ್ನು ಪ್ರದರ್ಶಿಸುವ ಹಕ್ಕನ್ನು ಮಾತ್ರ ಕೊಡುತ್ತಾರೆ. ಮಂದಿರಗಳೆಷ್ಟಿದ್ದರೂ ಒಳ್ಳೆಯ ಚಿತ್ರ ಸಕಾಲಕ್ಕೆ ಸಿಗದಿದ್ದರೆ ಅವು ಖಾಲಿ ಕಟ್ಟಡಗಳೇ. 1910ರ ದಶಕದ ಕೊನೆಯಲ್ಲಿ ಅಡಾಲ್ಫ್ ಜುಕರ್‌ನ ಪ್ಯಾರಾಮೌಂಟ್ ಸಂಸ್ಥೆಯು ಜನಪ್ರಿಯ ತಾರೆಯರನ್ನು ತನ್ನಲ್ಲಿಟ್ಟುಕೊಂಡು ಬಾಡಿಗೆಯನ್ನು ಏರಿಸತೊಡಗಿದಾಗ ಪ್ರದರ್ಶಕರು ಕಂಡುಕೊಂಡ ಉಪಾಯ, ಇಂದಿಗೂ ವರ್ತಕರು ಅಭ್ಯಸಿಸಬೇಕಾದಂಥದು. ದೇಶದ ಬೇರೆ ಬೇರೆ ಪ್ರದೇಶಗಳ ದೊಡ್ಡ ಪ್ರದರ್ಶಕರು ಒಟ್ಟುಗೂಡಿ 1917ರಲ್ಲಿ ‘ಫಸ್ಟ್ ನ್ಯಾಷನಲ್’ ಎಂಬ ಕೂಟವನ್ನು ಕಟ್ಟಿಕೊಂಡರು. ಚಾರ್ಲಿ ಚಾಪ್ಲಿನ್‌ನ ಎಂಟು ಚಿತ್ರಗಳಿಗೆ ಹತ್ತು ಲಕ್ಷ ಡಾಲರ್ ಕೊಡುವ ಒಪ್ಪಂದವನ್ನು ಈ ಕೂಟವೇ ಮಾಡಿಕೊಂಡಿತು. ಯಾವೊಬ್ಬ ಪ್ರದರ್ಶಕನಿಗೂ ಒಂಟಿಯಾಗಿ ಆ ಮೊತ್ತವನ್ನು ಭರಿಸುವ ಶಕ್ತಿ ಇರಲಿಲ್ಲ. ವೆಚ್ಚವನ್ನು ಪ್ರದೇಶವಾರು ಹಂಚಲಾಗುತ್ತಿತ್ತು. ತನ್ನ ಪಾಲನ್ನು ಭರಿಸಿದ ಸದಸ್ಯನಿಗೆ ಆ ಪ್ರದೇಶದ ಹಂಚಿಕೆಯ ಹಕ್ಕು; ಅವನು ತನ್ನ ಮಂದಿರಗಳಲ್ಲಿ ಚಿತ್ರವನ್ನು ಪ್ರದರ್ಶಿಸಬಹುದು, ಸುತ್ತಲಿನ ಇತರ ಮಂದಿರಗಳಿಗೆ ಬಾಡಿಗೆಗೂ ಕೊಡಬಹುದು. ಸೇಂಟ್ ಲೂಯಿಸ್ ಪ್ರದೇಶದ ಈ ಹಕ್ಕು ಸ್ಕೂರಾಸ್ ಸಹೋದರರ ಕೈಸೇರಿದಾಗ ಅವರು ಕೇವಲ ಪ್ರದರ್ಶಕರಾಗಿ ಉಳಿಯದೆ ಹಂಚಿಕೆದಾರರೂ ಆದರು.

ಕರ್ನಾಟಕದ ಚಿತ್ರ ಹಂಚಿಕೆಯೂ ಹೀಗೆಯೇ ಪ್ರದೇಶಗಳ ಮೇಲೆ ನಿಂತಿದೆ. ಗಾಂಧಿನಗರದ ಹಂಚಿಕೆದಾರರು ಬೆಂಗಳೂರು, ಕೋಲಾರ, ತುಮಕೂರುಗಳನ್ನು ಸೇರಿಸಿ ‘ಬಿ.ಕೆ.ಟಿ.’ ಎನ್ನುವುದೂ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನಗಳನ್ನು ಸೇರಿಸಿ ‘ಎಂ.ಎಂ.ಸಿ.ಎಚ್.’ ಎನ್ನುವುದೂ ಉದ್ಯಮದವರಿಗೆಲ್ಲ ಪರಿಚಿತ. ಹಿಂದಿ ಚಿತ್ರಗಳ ವಹಿವಾಟಿನಲ್ಲಿ ಮುಂಬಯಿ ಕರ್ನಾಟಕದ ಜಿಲ್ಲೆಗಳನ್ನು ಮುಂಬಯಿ ಪ್ರದೇಶಕ್ಕೂ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳನ್ನು ನಿಜಾಮ್ ಪ್ರದೇಶಕ್ಕೂ ಸೇರಿಸುವ ಪದ್ಧತಿ ಬಂದಿತು. 1956ರಲ್ಲಿ ರಾಜ್ಯಗಳ ಗಡಿ ಬದಲಾದರೂ ಹಂಚಿಕೆದಾರರ ಭೂಪಟ ಬದಲಾಗಲಿಲ್ಲ.

ಹಕ್ಕನ್ನು ಪಡೆಯುವ ಕ್ರಮಗಳು ಮುಖ್ಯವಾಗಿ ಮೂರು. ಪೂರ್ಣ ಬೆಲೆ ತೆತ್ತು ಖರೀದಿಸುವುದು ಒಂದು. ಇಲ್ಲಿ ಲಾಭನಷ್ಟಗಳೆರಡೂ ಹಂಚಿಕೆದಾರನವೇ. ಉಳಿದ ಎರಡು, ಕನಿಷ್ಠ ಖಾತರಿ ಮತ್ತು ಕಮಿಷನ್. ಇವುಗಳ ವ್ಯತ್ಯಾಸವು ಅಂಕಿಗಳಿಂದಲೇ ಸ್ಪಷ್ಟವಾಗಬಲ್ಲದು.

ಉದಾಹರಣೆಗೆ, ಒಂದು ಪ್ರದೇಶಕ್ಕೆ ನಿರ್ಮಾಪಕನಿಗೆ 50 ಲಕ್ಷ ರೂಪಾಯಿ ಕನಿಷ್ಠ ಖಾತರಿ, ಪ್ರತಿ ಮತ್ತು ಪ್ರಚಾರಕ್ಕೆ 10 ಲಕ್ಷ, ಈ ಎರಡರ ಮೇಲೆ ಹಂಚಿಕೆದಾರನಿಗೆ ಶೇಕಡ 20ರ ಕಮಿಷನ್ ಎಂದು ಕರಾರಾಗಿದೆ ಎಂದಿಟ್ಟುಕೊಳ್ಳೋಣ. ತೆರಿಗೆ ಮತ್ತು ಮಂದಿರದ ಪಾಲು ಕಳೆದು ಹಂಚಿಕೆದಾರನ ಕೈಗೆ 80 ಲಕ್ಷ ಬಂದರೆ, ಮೊದಲು 60 ಲಕ್ಷದ ಹೂಡಿಕೆ, ಬಳಿಕ 12 ಲಕ್ಷದ ಕಮಿಷನ್ ವಜಾ ಆಗಿ 8 ಲಕ್ಷ ಹೆಚ್ಚುವರಿ ಉಳಿಯುತ್ತದೆ. ಅದನ್ನು ನಿರ್ಮಾಪಕನೊಂದಿಗೆ ಸಮಪಾಲು ಮಾಡಿಕೊಂಡರೆ ಹಂಚಿಕೆದಾರನ ಒಟ್ಟು ಗಳಿಕೆ 16 ಲಕ್ಷ. ಕೈಗೆ ಬಂದದ್ದು 45 ಲಕ್ಷವೇ ಆದರೆ 15 ಲಕ್ಷ ನಷ್ಟ. ನಿರ್ಮಾಪಕನು ಒಂದು ಪೈಸೆಯನ್ನೂ ಹಿಂದಿರುಗಿಸಬೇಕಾಗಿಲ್ಲ.

ಅದೇ 45 ಲಕ್ಷವು ಕಮಿಷನ್ ಕರಾರಿನಲ್ಲಿ ಬಂದಿದ್ದರೆ ಪ್ರಚಾರದ 10 ಲಕ್ಷವನ್ನೂ, ವಸೂಲಿಯ ಮೇಲಿನ ಶೇಕಡ 20ರ ಕಮಿಷನ್ 9 ಲಕ್ಷವನ್ನೂ ಕಳೆದು ನಿರ್ಮಾಪಕನಿಗೆ ಸಲ್ಲತಕ್ಕದ್ದು 26 ಲಕ್ಷ ಮಾತ್ರ. ಹಂಚಿಕೆದಾರನು ಮೊದಲೇ 50 ಲಕ್ಷ ಮುಂಗಡ ಕೊಟ್ಟಿದ್ದರೆ 24 ಲಕ್ಷ ಅವನಿಗೆ ವಾಪಸು ಬರಬೇಕು. ಕಾಗದದ ಮೇಲೆ ಇದು 9 ಲಕ್ಷದ ಲಾಭ. ಆದರೆ ಆ 24 ಲಕ್ಷವನ್ನು ನಿರ್ಮಾಪಕನು ಆಗಲೇ ಚಿತ್ರೀಕರಣಕ್ಕೆ ಸುರಿದು ಮುಗಿಸಿರುತ್ತಾನೆ. ‘ಮುಂದಿನ ಚಿತ್ರದಲ್ಲಿ ಹೊಂದಿಸಿಕೊಳ್ಳಿ’ ಎಂಬ ಉತ್ತರ ಬರುತ್ತದೆ. ಜಮಾಖರ್ಚಿನ ಪುಸ್ತಕದಲ್ಲಿ ಆಸ್ತಿಯಂತೆ ಕುಳಿತಿರುವ ಇಂಥ ಬಾಕಿಗಳೇ ಹಂಚಿಕೆದಾರನನ್ನು ಮುಳುಗಿಸಬಲ್ಲವು. ಸಾಲದ ಮೇಲೆ ಸರಕು ಒದಗಿಸುವ ಸಣ್ಣ ಕೈಗಾರಿಕೋದ್ಯಮಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆರಿಗೆಯ ಲೆಕ್ಕದಲ್ಲಿಯೂ ಚಿತ್ರಹಕ್ಕಿನ ಅಲ್ಪಾಯುಷ್ಯಕ್ಕೆ ಮನ್ನಣೆ ದೊರೆತಿದೆ. 1962ರ ಆದಾಯ ತೆರಿಗೆ ನಿಯಮಾವಳಿಗೆ ಸೇರಿಸಲಾದ 9ಬಿ ನಿಯಮದ ತಿರುಳು ಹೀಗಿತ್ತು: ಲೆಕ್ಕವರ್ಷದ ಅಂತ್ಯಕ್ಕೆ ಕನಿಷ್ಠ 90 ದಿನ ಮೊದಲು ಚಿತ್ರವು ವಾಣಿಜ್ಯ ಬಿಡುಗಡೆ ಕಂಡಿದ್ದರೆ ಹಂಚಿಕೆದಾರನು ಹಕ್ಕಿನ ಸಂಪೂರ್ಣ ವೆಚ್ಚವನ್ನು ಅದೇ ವರ್ಷ ಕಳೆಯಬಹುದು, ಇಲ್ಲದಿದ್ದಲ್ಲಿ ಆ ವರ್ಷದ ವಸೂಲಿಯ ಮಟ್ಟಿಗೆ ಕಳೆದು ಉಳಿದುದನ್ನು ಮರುವರ್ಷಕ್ಕೆ ಒಯ್ಯಬೇಕು. ಮೂರು ತಿಂಗಳಲ್ಲಿ ದುಡಿಯದ ಚಿತ್ರ ಮುಂದೆ ದುಡಿಯಲಾರದು ಎಂಬ ವ್ಯಾಪಾರಿ ಸತ್ಯವೇ ನಿಯಮದ ರೂಪ ತಾಳಿದಂತಿದೆ.

ಕಟ್ಟಡದ ಮೋಹ

1926ರಲ್ಲಿ ಸಹೋದರರು ಸೇಂಟ್ ಲೂಯಿಸ್‌ನಲ್ಲಿ ‘ಅಂಬಾಸಡರ್’ ಎಂಬ ಬಹುಮಹಡಿಯ ಭವನವನ್ನೂ ಅದರಲ್ಲಿ ಭವ್ಯ ಚಿತ್ರಮಂದಿರವನ್ನೂ ತೆರೆದರು. ತಗಲಿದ ವೆಚ್ಚ 55 ಲಕ್ಷ ಡಾಲರ್. ಹನ್ನೆರಡು ವರ್ಷಗಳ ಹಿಂದೆ ಕೂಡಿಸಿಟ್ಟಿದ್ದ 3,500 ಡಾಲರಿಗೆ ಇದು ಸಾವಿರದೈನೂರು ಪಟ್ಟಿಗೂ ಅಧಿಕ. ರೊಕ್ಕದ ವ್ಯಾಪಾರದಿಂದ ಬೆಳೆದವರು ಹೀಗೆ ಕಲ್ಲುಗಾರೆಗಳಲ್ಲಿ ಬಂಡವಾಳವನ್ನು ಹೂಳುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿಯೇ. ದಶಕದ ಅಂತ್ಯದ ವೇಳೆಗೆ ಅವರ ಮಂದಿರಗಳು ವಾರ್ನರ್ ಬ್ರದರ್ಸ್ ಸಂಸ್ಥೆಯ ಪಾಲಾದವು. ಮಾಲೀಕರಾಗಿದ್ದವರು ಅದೇ ಸಂಸ್ಥೆಯಲ್ಲಿ ಸಂಬಳದ ವ್ಯವಸ್ಥಾಪಕರಾದರು.

ಇಷ್ಟಕ್ಕೇ ಅವರ ಕಥೆ ಮುಗಿಯಬಹುದಿತ್ತು. ಆದರೆ 1930ರ ದಶಕದ ಆರ್ಥಿಕ ಕುಸಿತದಲ್ಲಿ ಚಿತ್ರಮಂದಿರಗಳ ಸರಣಿಗಳು ಒಂದರ ಮೇಲೊಂದರಂತೆ ದಿವಾಳಿಯ ಅಂಚಿಗೆ ಬಂದಾಗ, ಸಾಲ ಕೊಟ್ಟವರಿಗೆ ಮಂದಿರ ನಡೆಸಬಲ್ಲ ಕೈಗಳು ಬೇಕಾದವು. 1932ರಲ್ಲಿ ಫಾಕ್ಸ್ ಸಂಸ್ಥೆಯ ಮಂದಿರಗಳ ಆಡಳಿತ ಸ್ಕೂರಾಸ್ ಸಹೋದರರಿಗೆ ದೊರೆಯಿತು. 1935ರಲ್ಲಿ ಫಾಕ್ಸ್ ಸಂಸ್ಥೆಯು ಟ್ವೆಂಟಿಯತ್ ಸೆಂಚುರಿಯೊಡನೆ ವಿಲೀನಗೊಂಡಿತು. ಸ್ಪೈರೋಸ್ 1942ರಲ್ಲಿ ಅದರ ಅಧ್ಯಕ್ಷನಾದನು. ಚಾರ್ಲ್ಸ್ ಆ ಸಂಸ್ಥೆಯ ಅಧೀನದಲ್ಲಿದ್ದ ‘ನ್ಯಾಷನಲ್ ಥಿಯೇಟರ್ಸ್’ ಸರಣಿಯ ಮುಖ್ಯಸ್ಥನಾದನು.

ಅಮೆರಿಕದ ಮಂದಿರಗಳಲ್ಲಿ ಪಾಪ್‌ಕಾರ್ನ್ ಮಾರಾಟ ನೆಲೆಯೂರಿದ್ದು ಇದೇ ಕುಸಿತದ ಕಾಲದಲ್ಲಿ. ಅಲ್ಲಿಯವರೆಗೆ ಅದನ್ನು ಕೀಳೆಂದು ದೂರವಿಟ್ಟಿದ್ದ ಮಂದಿರಗಳು, ಟಿಕೆಟ್ಟಿನ ಹಣದಲ್ಲಿ ಹಂಚಿಕೆದಾರನಿಗೆ ಪಾಲು ಕೊಡಬೇಕಾದರೂ ತಿನಿಸಿನ ಹಣದಲ್ಲಿ ಕೊಡಬೇಕಾಗಿಲ್ಲವೆಂಬ ಸರಳ ಸಂಗತಿಯನ್ನು ಆಗ ಮನಗಂಡವು. ನಮ್ಮ ಮಲ್ಟಿಪ್ಲೆಕ್ಸ್‌ಗಳಲ್ಲಿ ತಿಂಡಿಯ ಬೆಲೆ ಕೇಳಿ ಬೆಚ್ಚುವ ಗ್ರಾಹಕರಿಗೆ ಇದು ಸಮಾಧಾನವನ್ನಲ್ಲದಿದ್ದರೂ ವಿವರಣೆಯನ್ನು ನೀಡಬಲ್ಲದು.

ಕಾನೂನು ಬಿಡಿಸಿದ ಅಣ್ಣತಮ್ಮಂದಿರು

ನಿರ್ಮಾಣ, ಹಂಚಿಕೆ, ಪ್ರದರ್ಶನ ಮೂರೂ ಒಂದೇ ಕೈಯಲ್ಲಿದ್ದಾಗ ಸ್ವತಂತ್ರ ಮಂದಿರದವನಿಗೆ ಉಳಿಯುವುದು ಎಂಜಲು. ಒಂದು ಒಳ್ಳೆಯ ಚಿತ್ರ ಬೇಕಿದ್ದರೆ ಜೊತೆಗೆ ನಾಲ್ಕು ಸಾಧಾರಣ ಚಿತ್ರಗಳನ್ನೂ, ಅದೂ ನೋಡುವುದಕ್ಕೆ ಮೊದಲೇ, ಕೊಳ್ಳಬೇಕೆಂಬ ಒತ್ತಾಯದ ಪದ್ಧತಿ ಆಗ ಅಲ್ಲಿ ಬೇರೂರಿತ್ತು. ಓಡುವ ಸರಕಿನ ಜೊತೆ ಓಡದ ಸರಕನ್ನು ಕಟ್ಟಿ ಕಳುಹಿಸುವ ಕಂಪನಿಗಳನ್ನು ಬಲ್ಲ ನಮ್ಮ ಚಿಲ್ಲರೆ ವರ್ತಕರಿಗೆ ಇದು ಹೊಸತೇನಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1948ರ ಮೇ ತಿಂಗಳಲ್ಲಿ ಪ್ಯಾರಾಮೌಂಟ್ ಪ್ರಕರಣದಲ್ಲಿ ಈ ಪದ್ಧತಿಯನ್ನು ಕಾನೂನುಬಾಹಿರವೆಂದಿತು. ಅದರ ಪರಿಣಾಮವಾಗಿ ದೊಡ್ಡ ಸಂಸ್ಥೆಗಳು ತಮ್ಮ ಮಂದಿರಗಳನ್ನು ಬೇರ್ಪಡಿಸಬೇಕಾಯಿತು. 1952ರಲ್ಲಿ ನ್ಯಾಷನಲ್ ಥಿಯೇಟರ್ಸ್ ಫಾಕ್ಸ್‌ನಿಂದ ಪ್ರತ್ಯೇಕವಾಯಿತು. ಒಂದೇ ಗಲ್ಲಾಪೆಟ್ಟಿಗೆಯಿಂದ ಹೊರಟ ಅಣ್ಣತಮ್ಮಂದಿರಲ್ಲಿ ತಮ್ಮನು ಚಿತ್ರ ಮಾರುವವನಾಗಿಯೂ ಅಣ್ಣನು ಕೊಳ್ಳುವವನಾಗಿಯೂ ಬೇರೆ ಬೇರೆ ಕಂಪನಿಗಳಲ್ಲಿ ಉಳಿದರು. ಕರಾರಿನ ಮೇಜಿನ ಎದುರುಬದುರಿಗೆ ಒಂದೇ ಮನೆತನ! ಎಪ್ಪತ್ತೆರಡು ವರ್ಷಗಳ ತರುವಾಯ, 2020ರಲ್ಲಿ, ಆ ಪ್ರಕರಣದ ನಿರ್ಬಂಧಗಳನ್ನು ಅಲ್ಲಿನ ನ್ಯಾಯಾಲಯವು ತೆರವುಗೊಳಿಸಿತು. ಭಾರತದಲ್ಲಿ ಸ್ಪರ್ಧಾ ಆಯೋಗವು 2012ರಲ್ಲಿ ಹಲವು ಚಲನಚಿತ್ರ ಸಂಘಟನೆಗಳ ನಿರ್ಬಂಧಗಳ ವಿರುದ್ಧ ಆದೇಶ ನೀಡಿತು. 2015ರಲ್ಲಿ ಕನ್ನಡಕ್ಕೆ ಡಬ್ಬಿಂಗ್ ತಡೆಯ ವಿಷಯದಲ್ಲಿಯೂ ದಂಡ ವಿಧಿಸಿತು. ವ್ಯಾಪಾರಿಗಳ ಒಗ್ಗಟ್ಟು ಎಲ್ಲಿ ಮುಗಿದು ಸ್ಪರ್ಧೆಯ ದಮನ ಎಲ್ಲಿ ಆರಂಭವಾಗುತ್ತದೆಂಬ ಪ್ರಶ್ನೆಯು ಚಿತ್ರೋದ್ಯಮಕ್ಕಷ್ಟೇ ಸೀಮಿತವಲ್ಲ.

ಮಂದಿರದಿಂದ ಮೇಲೆ ಬಂದವನಿಗೆ ಮಂದಿರದವರ ಕಷ್ಟ ಸದಾ ನೆನಪಿರುತ್ತದೆಂದು ಭಾವಿಸುವಂತಿಲ್ಲ. 1953ರಲ್ಲಿ ‘ದಿ ರೋಬ್’ ಚಿತ್ರದ ಮೂಲಕ ಸಿನೆಮಾಸ್ಕೋಪ್ ತಂತ್ರವನ್ನು ತಂದ ಸ್ಪೈರೋಸ್, ಅಗಲ ಪರದೆಯ ಜೊತೆಗೆ ದುಬಾರಿಯಾದ ಸ್ಟೀರಿಯೋ ಧ್ವನಿವ್ಯವಸ್ಥೆಯನ್ನೂ ಅಳವಡಿಸಿದ ಮಂದಿರಗಳಿಗೆ ಮಾತ್ರ ಚಿತ್ರ ಕೊಡುವುದಾಗಿ ಪಟ್ಟು ಹಿಡಿದನು. ದೂರದರ್ಶನದ ಎದುರು ಉಳಿಯಲು ಅದೇ ದಾರಿಯೆಂಬುದು ಅವನ ವಾದ. ಸಣ್ಣ ಊರುಗಳ ಮಂದಿರದವರು ಒಪ್ಪಲಿಲ್ಲ. 1954ರಲ್ಲಿ ಷರತ್ತು ಸಡಿಲಗೊಂಡಿತು. ಅದೇ ವರ್ಷ ಚಾರ್ಲ್ಸ್ ತೀರಿಕೊಂಡನು.

ಸ್ಪೈರೋಸ್‌ನ ಅಧಿಕಾರಕ್ಕೆ ಕೊನೆ ಬಂದದ್ದು ‘ಕ್ಲಿಯೋಪಾತ್ರ’ ಚಿತ್ರದ ಕಾಲದಲ್ಲಿ. ಸುಮಾರು 20 ಲಕ್ಷ ಡಾಲರಿನ ಅಂದಾಜಿನಿಂದ ಹೊರಟ ಚಿತ್ರದ ವೆಚ್ಚ ಮೂರು ಕೋಟಿಯನ್ನೂ ಮೀರಿ ಬೆಳೆಯಿತು. ಹಣದ ಮುಗ್ಗಟ್ಟಿನಲ್ಲಿದ್ದ ಸಂಸ್ಥೆಯು 1961ರಲ್ಲಿ ತನ್ನ ಸ್ಟುಡಿಯೋದ ವಿಶಾಲ ಭೂಮಿಯನ್ನೇ ಮಾರಿತು. ಲಾಸ್ ಏಂಜಲಿಸ್‌ನ ‘ಸೆಂಚುರಿ ಸಿಟಿ’ ವಾಣಿಜ್ಯ ಬಡಾವಣೆ ಎದ್ದಿರುವುದು ಅಲ್ಲಿಯೇ. 1962ರಲ್ಲಿ ಡ್ಯಾರಿಲ್ ಜಾನಕ್ ಅಧ್ಯಕ್ಷ ಸ್ಥಾನಕ್ಕೆ ಬಂದನು. ಮರುವರ್ಷ ತೆರೆಕಂಡ ಚಿತ್ರಕ್ಕೆ ಜನ ಕಿಕ್ಕಿರಿದು ಬಂದರು, ಆದರೂ ಮಂದಿರದ ವಸೂಲಿಯಿಂದಷ್ಟೇ ವೆಚ್ಚ ಹುಟ್ಟಲಿಲ್ಲ. 1966ರಲ್ಲಿ ದೂರದರ್ಶನ ಪ್ರಸಾರದ ಹಕ್ಕು ಮಾರಾಟವಾದ ಮೇಲೆಯೇ ಅಸಲು ಕೈಸೇರಿತು. ಚಿತ್ರಮಂದಿರವನ್ನು ನುಂಗುತ್ತದೆಂದು ಸ್ಪೈರೋಸ್ ಹೆದರಿದ್ದು ಆ ದೂರದರ್ಶನಕ್ಕೇ.

ಅಷ್ಟರಲ್ಲಿ ಅವನು ಹಡಗು ಸಾಗಣೆಯತ್ತ ಹೊರಳಿದ್ದನು. ಜಾರ್ಜ್ 1964ರಲ್ಲಿ ನಿಧನನಾದನು. ಸ್ಪೈರೋಸ್ 1971ರಲ್ಲಿ ಸಾಯುವಾಗ ಪ್ರುಡೆನ್ಷಿಯಲ್ ಹಡಗು ಕಂಪನಿಯ ವಹಿವಾಟು ಅವನ ಕುಟುಂಬದ ಕೈಯಲ್ಲಿತ್ತು.